ಅಜ್ಜ ಕೇಳಿ ತಂದ ಗಾಲಿ

ಅಂದು ಬೆಳಿಗ್ಗೆ ಯಾರ ಮನೆಯಿಂದಲೂ ಬುತ್ತಿ ಬರಲಿಲ್ಲ.

ಗುಡ್ಡವ್ವ ಎರಡು ಸಲ ಬಾಗಿಲಿಗೆ ಹೋಗಿ ನೋಡಿ ಬಂದಳು. ಅಜ್ಜ ತೀರಿಕೊಂಡ ದಿನದಿಂದ ಓಣಿಯವರು ಸರದಿಯ ಮೇಲೆ ರೊಟ್ಟಿ, ಪಲ್ಯ ತಂದು ಕೊಡುತ್ತಿದ್ದರು. ನಿನ್ನೆಗೆ ಅದು ಮುಗಿಯಿತು.

"ಏನ್ ನೋಡ್ತಿ? ಇವತ್ತಿಂದ ನಮ್ಮ ರೊಟ್ಟೀನ," ಅಂದಳು ಅವ್ವ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. "ದಪ್ಪ ಆದ್ರೂ ತಿನ್ನು."

ದಪ್ಪವೇ ಆಗಿತ್ತು. ಗುಡ್ಡವ್ವ ಎರಡು ತಿಂದಳು.

ಹಿತ್ತಲಲ್ಲಿ ಅಪ್ಪ ಕುಲುಮೆ ಹಚ್ಚಿದ್ದ. "ಗುಡ್ಡೀ, ಬಾ. ಹಗ್ಗ ಹಿಡಿ," ಎಂದು ಕೂಗಿದ.

ಕಬ್ಬು ಕಡಿಯುವ ಕೊಯ್ತಾಗಳನ್ನು ಮಾಡುವುದು ಅವರ ಮನೆಯ ಕೆಲಸ. ಕೊಯ್ತಾಕ್ಕೆ ಬಾಯಿ ಹಿಡಿಸಬೇಕೆಂದರೆ ಸಾಣೆಕಲ್ಲು ತಿರುಗಬೇಕು. ಸಾಣೆಕಲ್ಲು ತಿರುಗಬೇಕೆಂದರೆ ಯಾರಾದರೂ ಅದರ ಹಗ್ಗವನ್ನು ಹಿಂದೆ ಮುಂದೆ ಎಳೆಯುತ್ತಲೇ ಇರಬೇಕು. ಸಂಕೇಶ್ವರದ ಸಕ್ಕರೆ ಫ್ಯಾಕ್ಟರಿ ಶುರುವಾಯಿತೆಂದರೆ ಹುಕ್ಕೇರಿಯ ಈ ಹಿತ್ತಲಲ್ಲಿ ಕೊಯ್ತಾಗಳ ರಾಶಿ ಬೀಳುತ್ತಿತ್ತು. ಹೋದ ವರ್ಷ ಎರಡು ತಿಂಗಳು ಗುಡ್ಡವ್ವ ಹಗ್ಗ ಎಳೆದಳು. ಶಾಲೆ ತಪ್ಪಿತು. ಪರೀಕ್ಷೆಯಲ್ಲಿ ನಪಾಸಾಗಿ ನಾಲ್ಕನೆಯ ಇಯತ್ತೆಯಲ್ಲೇ ಉಳಿದಳು.

ಅದಕ್ಕೇ ಅಜ್ಜ ಒಂದು ಮಷೀನು ಕಟ್ಟಲು ಹೊರಟಿದ್ದ. ಗೋಕಾಕದ ಹಳೆ ಸಾಮಾನಿನ ಅಂಗಡಿಗೆ ಹನ್ನೆರಡು ಕೊಯ್ತಾ ಕೊಟ್ಟು, ಯಾರೋ ಬಳಸಿ ಬಿಟ್ಟ ಮೋಟಾರು ತಂದಿದ್ದ. ಕೆಳಗೆ ಮೋಟಾರಿನ ಗಾಲಿ, ಮೇಲೆ ಅಜ್ಜನೇ ಮಾಡಿದ ಜಾಲಿ ಕಟ್ಟಿಗೆಯ ಗಾಲಿ. ಎರಡನ್ನೂ ಸುತ್ತಿ ಬರುವ ಕ್ಯಾನ್ವಾಸ್ ಪಟ್ಟಾ. ಪಟ್ಟಾದ ಹೊರಮೈಗೆ ಅಂಟು ಬಳಿದು ಸಾಣೆಪುಡಿ ಹಚ್ಚಿದ್ದ. ಸ್ವಿಚ್ ಹಾಕಿದರೆ ಪಟ್ಟಾ ಓಡಬೇಕು, ಕೊಯ್ತಾ ಅದಕ್ಕೆ ಒಡ್ಡಿದರೆ ಸಾಕು. ಹಗ್ಗ ಬೇಡ, ಗುಡ್ಡವ್ವ ಬೇಡ.

"ಅಪ್ಪಾ, ಮಷೀನ್ ಹಚ್ಚಿ ನೋಡು."

"ಅಜ್ಜ ಇದ್ದಾಗನ ಓಡಲಿಲ್ಲ ಅದು."

"ಒಂದ ಸಲ!"

ಅಪ್ಪ ಅವಳನ್ನು ದೂರ ನಿಲ್ಲಿಸಿ ಸ್ವಿಚ್ ಹಾಕಿದ. ಪಟ್ಟಾ ಗರ್ರನೆ ತಿರುಗಿತು. ಮೇಲಿನ ಗಾಲಿಯ ಎಡಕ್ಕೆ ಸರಿಯಿತು, ಇನ್ನೂ ಸರಿಯಿತು, ಟಪ್ಪನೆ ಕಳಚಿ ಹಾರಿ ಬಂದು ಅಪ್ಪನ ಕೊರಳಿಗೇ ಬಿತ್ತು.

"ನೋಡಿದ್ಯಾ? ನನಗ ಮಾಲಿ ಹಾಕ್ತು!" ಅಂದ ಅಪ್ಪ, ಮೋಟಾರು ಆರಿಸುತ್ತ.

ಗುಡ್ಡವ್ವ ನಕ್ಕಳು. ಅಪ್ಪನೂ ನಕ್ಕ. ಆ ಮನೆಯಲ್ಲಿ ಎಷ್ಟೋ ದಿನದ ಮೇಲೆ ಕೇಳಿದ ನಗು ಅದು. ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಏನಾಯಿತೆಂದು ನೋಡಿದಳು.

"ಸಾಕು," ಅಂದ ಅಪ್ಪ. "ರವಿವಾರ ಗೋಕಾಕಕ್ಕ ಹೋಗಿ ಮೋಟಾರ್ ತಿರುಗಿ ಕೊಟ್ಟ ಬರ್ತೇನಿ. ಸುಗ್ಗಿ ಬಂತು. ಹಗ್ಗಾನ ಗತಿ."

ಗುಡ್ಡವ್ವ ತನ್ನ ಅಂಗೈ ನೋಡಿಕೊಂಡಳು. ಹೋದ ವರ್ಷದ ಗುಳ್ಳೆ ಎದ್ದ ಜಾಗ ಇನ್ನೂ ಗಟ್ಟಿಯಾಗಿತ್ತು.

ಅವ್ವ ಮೂಲೆಯಲ್ಲಿದ್ದ ಚೀಲ ತೋರಿಸಿದಳು. "ಸಾಲಿಗೆ ಹೋಗೂಮುಂದ ಇದನ್ನ ಗಿರಣಿ ಸಾವಿತ್ರವ್ವಗ ಕೊಟ್ಟು ಹೋಗು. ಸತ್ತವರು ಕೇಳಿ ತಂದದ್ದು ಮನ್ಯಾಗ ಇಟ್ಕೋಬಾರದು."

ಚೀಲದಲ್ಲಿದ್ದದ್ದು ಕಬ್ಬಿಣದ ಗಾಲಿ. ಪೇಟೆಯ ಹಿಟ್ಟಿನ ಗಿರಣಿಯಿಂದ ಅಜ್ಜ ಅದನ್ನು ಕೇಳಿ ತಂದಿದ್ದ. ಅದರ ನಡುವಿನ ತೂತು ಎಷ್ಟು ದೊಡ್ಡದೆಂದರೆ ಅಜ್ಜನ ಮಷೀನಿಗೆ ಅದು ಕೂರುವಂತೆಯೇ ಇರಲಿಲ್ಲ.

"ಮತ್ತ ಯಾಕ ತಂದ?"

"ವಯಸ್ಸಾಗಿತ್ತವ್ವಾ ಅವಗ," ಅಂದ ಅಪ್ಪ.

ಮಂದಿಯ ಸಾಮಾನನ್ನು ಹೊಲಸಾಗಿ ಕೊಡಬಾರದು. ಗುಡ್ಡವ್ವ ಬೂದಿ ತಗೊಂಡು ಗಾಲಿಯನ್ನು ತಿಕ್ಕಲು ಕೂತಳು. ಅಂಗೈ ಒಂದು ಅಂಚಿನಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಸ್ವಲ್ಪ ಏರಿ ಇಳಿಯಿತು. ಮತ್ತೆ ತಿಕ್ಕಿದಳು. ಮತ್ತೆ ಏರಿ ಇಳಿಯಿತು.

ಪಾಟಿಚೀಲದಿಂದ ಫೂಟ್‌ಪಟ್ಟಿ ತಂದು ಗಾಲಿಯ ಮೈಮೇಲೆ ಅಡ್ಡ ಇಟ್ಟಳು. ನಡುವೆ ತಾಗುತ್ತಿತ್ತು. ಎರಡೂ ಅಂಚಿನಲ್ಲಿ ಕೂದಲಷ್ಟು ಸಂದು.

"ಅಪ್ಪಾ, ಈ ಗಾಲಿಗೆ ಹೊಟ್ಟಿ ಐತಿ!"

"ಗಾಲಿಗೆಲ್ಲಿ ಹೊಟ್ಟಿ?"

"ಬಂದು ನೋಡು."

ಅಪ್ಪ ನೋಡಿದ. ಅವಳ ಕೈಯಿಂದ ಫೂಟ್‌ಪಟ್ಟಿ ಇಸಕೊಂಡು ಅಜ್ಜನ ಕಟ್ಟಿಗೆಯ ಗಾಲಿಯ ಮೇಲಿಟ್ಟ. ಬಲಗಡೆ ಅದೇ ಸಂದು ಇತ್ತು. ಎಡಗಡೆ ಇರಲಿಲ್ಲ. ಬಲಗಡೆ ಅರ ಹಾಕಿ ಉಜ್ಜಿದ ಗುರುತು ಹೊಸದಾಗಿಯೇ ಇತ್ತು.

"ಇದನ್ನ ನೋಡಿ ಒಂದ ಕಡೆ ಉಜ್ಜ್ಯಾನ," ಅಂದ ಅಪ್ಪ ಮೆಲ್ಲಗೆ. "ಇನ್ನೊಂದು ಕಡೆ ಉಜ್ಜೂದರಾಗ ಜ್ವರ ಬಂದು ಮಲಗಿದ."

ಅವನು ಅಜ್ಜನ ಅರವನ್ನು ಕೈಗೆ ತಗೊಂಡ. ಆಮೇಲೆ ಎಡಗಡೆಯನ್ನು ಉಜ್ಜತೊಡಗಿದ. ಗುಡ್ಡವ್ವ ಗಾಲಿಯನ್ನು ತಿರುಗಿಸಿ ಕೊಡುತ್ತ, ಮತ್ತೆ ಮತ್ತೆ ಫೂಟ್‌ಪಟ್ಟಿ ಇಟ್ಟು, "ಇನ್ನ ಸ್ವಲ್ಪ," "ಇನ್ನ ಸ್ವಲ್ಪ," ಅನ್ನುತ್ತಿದ್ದಳು.

"ಮಾಸ್ತರ ಆಗೀದಿ ನೀ," ಎಂದು ಅಪ್ಪ ಬೈದ.

ಸ್ವಿಚ್ ಹಾಕಿದಾಗ ಅಪ್ಪ ಕೊರಳನ್ನು ಹಿಂದೆಳೆದುಕೊಂಡೇ ನಿಂತಿದ್ದ. ಪಟ್ಟಾ ಎಡಕ್ಕೆ ಸರಿಯಿತು. ಗುಡ್ಡವ್ವ ಉಸಿರು ಹಿಡಿದಳು. ಪಟ್ಟಾ ತಾನಾಗಿ ನಡುವಿಗೆ ಬಂತು. ಅಲ್ಲೇ ನಿಂತು ಓಡಿತು. ಅಪ್ಪ ಒಂದು ಕೊಯ್ತಾ ಒಡ್ಡಿದ. ಕಿಡಿಗಳು ಸುರ್ರೆಂದು ಹಾರಿದವು.

"ಏನಂತೀರಿ?" ಅವ್ವ ಬಾಗಿಲಿಂದ ಕೂಗಿದಳು.

"ಆ ಹಗ್ಗ ಬಿಚ್ಚಿ ಆಕಳಿಗೆ ಕಟ್ಟು ಅಂತೇನಿ!"

ಪಾಟಿಚೀಲ ಹೆಗಲಿಗೆ, ಗಾಲಿಯ ಚೀಲ ತಲೆಯ ಮೇಲೆ. ಗುಡ್ಡವ್ವ ಗಿರಣಿಗೆ ಬಂದಾಗ ಸಾವಿತ್ರವ್ವನ ಹುಬ್ಬು ಕೂಡ ಹಿಟ್ಟಿನಿಂದ ಬೆಳ್ಳಗಾಗಿತ್ತು.

"ಮಷೀನ್ ಓಡ್ತೇನ ನಿಮ್ದು?" ಗಿರಣಿಯ ಸಪ್ಪಳದಲ್ಲಿ ಅವಳು ಕೂಗಿ ಕೇಳಿದಳು.

"ಓಡ್ತ್ರಿ ಆಯಿ!"

"ಓಡ್ತಾ? ನಿಮ್ಮಜ್ಜ ನಾಕು ದಿನ ಇಲ್ಲೇ ನಿಂತು ಮ್ಯಾಲ ನೋಡಾಕತ್ತಿದ್ದ. ಕುತ್ತಿಗಿ ಉಳಕತೈತಿ ಹೊಳೆಪ್ಪಾ ಅಂದ್ರ, ಉಳಕಲಿ ತಗೋ ಅಂತಿದ್ದ. ಐದನೇ ದಿನ ಈ ಹಳೇ ಗಾಲಿ ಕೇಳಿ ಒಯ್ದ."

ಗುಡ್ಡವ್ವ ಕತ್ತೆತ್ತಿದಳು. ಜಂತಿಯ ಹತ್ತಿರ ದೊಡ್ಡ ಗಾಲಿಯ ಮೇಲೆ ಅಗಲವಾದ ಪಟ್ಟಾ ಓಡುತ್ತಿತ್ತು. ಅಂಚಿಗೆ ಹೋಗುವ ಹಾಗೆ ಮಾಡಿ, ಮತ್ತೆ ನಡುವಿಗೆ ಬರುತ್ತಿತ್ತು. ಹೋಗುತ್ತಿತ್ತು, ಬರುತ್ತಿತ್ತು. ನಾಲ್ಕು ದಿನ ನೋಡಿದರೂ ಬೇಸರ ಬರುವಂತಿರಲಿಲ್ಲ.

"ನಿಮ್ಮ ಕಡೇನ ಇರಲಿ ಬೇಕಾದ್ರ," ಅಂದಳು ಸಾವಿತ್ರವ್ವ. "ನನಗೇನೂ ಬ್ಯಾಡ ಇದು."

"ಬ್ಯಾಡ್ರಿ ಆಯಿ. ಅಜ್ಜ ನೋಡಾಕ ಅಷ್ಟ ಒಯ್ದಿದ್ದ."

ಗುಡ್ಡವ್ವ ಚೀಲ ಬಿಚ್ಚಿ, ಹೊಳೆಯುವ ಗಾಲಿಯನ್ನು ಎರಡೂ ಕೈಯಿಂದ ಎತ್ತಿ ಸಾವಿತ್ರವ್ವನ ಕೈಗಿಟ್ಟಳು.