ದಂತದ ಮೇಲಿನ ಮುಖ

ಬನಶ್ರೀಗೆ ಸತ್ತವರ ಮುಖದ ಭಯ ಇರಲಿಲ್ಲ. ನೇಕಾರರ ಮನೆಯ ಹುಡುಗಿ, ಹಿಂದೂಪುರದ ಫೋಟೋ ಫ್ರೇಮ್ ಅಂಗಡಿಯಲ್ಲಿ ಕೆಲಸ. ಅವಳು ಕಟ್ಟು ಹಾಕುತ್ತಿದ್ದ ಫೋಟೋಗಳಲ್ಲಿ ಮುಕ್ಕಾಲು ಪಾಲು ಸತ್ತವರವೇ.

ಆದರೆ ಕಲ್ಯಾಣದುರ್ಗದಿಂದ ಬಂದ ಜಯಚಂದ್ರ ಕರವಸ್ತ್ರದ ಗಂಟು ಬಿಚ್ಚಿ ಅಂಗೈಯಗಲದ ಚಿತ್ರವನ್ನು ಮೇಜಿನ ಮೇಲಿಟ್ಟಾಗ ಅವಳ ಕೈ ನಿಂತುಹೋಯಿತು.

ಚಿತ್ರದಲ್ಲಿದ್ದವಳು ಅವಳೇ!

ಒಡೆದ ಗಾಜು ಬದಲಾಯಿಸಲು ಬಂದವನು ಚಿತ್ರವನ್ನೂ ಅವಳನ್ನೂ ಮತ್ತೆ ಮತ್ತೆ ನೋಡಿದ. ಆಮೇಲೆ ಹೇಳಿದ. ಚಿತ್ರದಲ್ಲಿದ್ದವಳು ಹಿಂದಿನ ಕಾಲದ ಪಾಳೇಗಾರನ ಕಿರಿಯ ಹೆಂಡತಿಯಂತೆ. ಯಾರೋ ಬಿಳಿಯ ಚಿತ್ರಗಾರ ಬಂದು ಆನೆದಂತದ ತೆಳು ಬಿಲ್ಲೆಯ ಮೇಲೆ ಬರೆದದ್ದು. ಬಣ್ಣ ಆರುವ ಮೊದಲೇ ಹೆರಿಗೆಯಲ್ಲಿ ತೀರಿಕೊಂಡಳು. ಅಲ್ಲಿ ಕಾವಲಿಗಿದ್ದ ಜಯಚಂದ್ರನ ಹಿರಿಯರು ಚಿತ್ರವನ್ನು ಮನೆಗೆ ತಂದು ದೇವರ ಪಕ್ಕ ಇಟ್ಟರು.

"ನೀರಿನ ಬಣ್ಣ ಇದು. ಒದ್ದೆ ಕೈ ಮುಟ್ಟಿಸ್ಬೇಡಿ, ಮುಖ ಹೊಂಟೋಯ್ತದೆ," ಎಂದಳು ಬನಶ್ರೀ. ಅಂಗಡಿ ಯಜಮಾನ ನರಸಿಂಹಪ್ಪ ಕಲಿಸಿದ್ದ ಪಾಠ.

ಗಾಜಿನ ನೆಪದಲ್ಲಿ ಅವನು ಮತ್ತೆ ಬಂದ. ಆಮೇಲೆ ನೆಪವಿಲ್ಲದೆಯೂ ಬಂದ. ಹುಣಸೆಹಣ್ಣಿನ ಕಾಲ ಮುಗಿಯುವಷ್ಟರಲ್ಲಿ ಮದುವೆಯ ಮಾತು ಎದ್ದಿತು.

ಆದರೂ... ಅವನು ನೋಡುವಾಗಲೆಲ್ಲ ತನ್ನ ಬೆನ್ನ ಹಿಂದೆ ಇನ್ನೊಬ್ಬಳು ನಿಂತಿದ್ದಾಳೆ ಅನಿಸುತ್ತಿತ್ತು ಅವಳಿಗೆ.

ಕಲ್ಯಾಣದುರ್ಗದ ಮನೆಗೆ ಕಾಲಿಟ್ಟ ದಿನ ಅವನ ತಾಯಿ ಪಾಪಕ್ಕ, ಸೊಸೆಯಾಗಬೇಕಾದವಳ ಕಾಲಿಗೇ ಬಿದ್ದಳು. "ಅಮ್ಮ ತಿರಿಗೊಚ್ಚಿಂದಿ," ಎಂದು ತೆಲುಗಿನಲ್ಲಿ ಅತ್ತಳು. ಚಿತ್ರದಲ್ಲಿದ್ದ ಅಮ್ಮ ತಿರುಗಿ ಬಂದಳಂತೆ! ಚಿತ್ರಕ್ಕೆ ಏರಿಸಿದ್ದ ಹೂವನ್ನೇ ತೆಗೆದು ಬನಶ್ರೀಗೆ ಮುಡಿಸಿದಳು.

ಹೂವು ತಣ್ಣಗಿತ್ತು. ತನ್ನ ಫೋಟೋಗೆ ತಾನು ಬದುಕಿರುವಾಗಲೇ ಹಾರ ಬಿದ್ದಂತಾಯಿತು. ಅವಳು ಹೂವು ತೆಗೆದಿಟ್ಟು ಜಯಚಂದ್ರನ ಕಡೆ ತಿರುಗಿದಳು.

"ನಂಗೆ ಸತ್ತೋಳ ಮುಖ ಐತೆ ಅಂತ ತಾನೇ ನನ್ನ ಹಿಂದೆ ಬಿದ್ದಿದ್ದು?"

"ಮೊದ್ಲು ಹಂಗೇ ಬತ್ತಿದ್ದೆ. ಸುಳ್ಳು ಯಾಕೆ ಹೇಳ್ಲಿ."

"ಹಂಗಾದ್ರೆ ಅವಳ ಜೊತೇಲೇ ಬಾಳು. ನಾನು ಹೋಯ್ತೀನಿ ಕಣಪ್ಪ."

ಹೊಸ್ತಿಲು ದಾಟಿದ್ದಳು. ಹಿಂದಿನಿಂದ ಫ್ರೇಮಿನ ಮೊಳೆ ಕೀಳುವ ಸದ್ದು ಬಂತು. ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತು. ಓಡಿಬಂದು ಅವನ ಕೈ ಹಿಡಿಯುವಷ್ಟರಲ್ಲಿ ತಡವಾಗಿತ್ತು. ತೀರ್ಥದ ಲೋಟಕ್ಕೆ ಅದ್ದಿದ ಹೆಬ್ಬೆರಳನ್ನು ಅವನು ಚಿತ್ರದ ಹಣೆಯ ಮೇಲೊಮ್ಮೆ, ಮೂಗಿನಿಂದ ಕೆಳಗಿನವರೆಗೆ ಇನ್ನೊಮ್ಮೆ ಎಳೆದುಬಿಟ್ಟಿದ್ದ.

ಪಾಪಕ್ಕ ಗೋಡೆಗೊರಗಿ ಕುಸಿದಳು.

"ನಿನ್ನ ಗದ್ದದ ಮೇಲೆ ಮಗ್ಗದ ಲಾಳಿ ಬಡಿದ ಗುರುತು ಐತಲ್ಲ," ಎಂದ ಜಯಚಂದ್ರ. "ಅವಳಿಗೆ ಅದು ಇರ್ಲಿಲ್ಲ. ಆಮೇಲಾಮೇಲೆ ನಾನು ನೋಡ್ತಿದ್ದಿದ್ದು ಅದನ್ನೇ."

"ಬಾಯ್ಬಿಟ್ಟು ಹೇಳೋಕೇನಾಗಿತ್ತು ನಿಂಗೆ?"

"ನಂಬ್ತಿದ್ಯಾ?"

ಅವಳು ಬಣ್ಣ ಮೆತ್ತಿದ ಅವನ ಹೆಬ್ಬೆರಳನ್ನು ಸೆರಗಿನಿಂದ ಒರೆಸಿದಳು.

"ಇನ್ನೂ ಹೋಯ್ತೀಯಾ?"

"ಇಲ್ಲ... ಗಾಜು ಹಾಕೋರು ಬೇಕಲ್ಲ ಅದಕ್ಕೆ."

ದಂತದ ಮೇಲೆ ಕಣ್ಣೆರಡು ಮಾತ್ರ ಉಳಿದು ಇಬ್ಬರನ್ನೂ ನೋಡುತ್ತಿದ್ದವು. ಹೋದದ್ದು ಒಂದು ಹಣೆ, ಒಂದು ಮೂಗು, ಒಂದು ಬಾಯಿ.