ಪೊಳ್ಳಮ್ಮ ನುಂಗಿದ ಬೀಜದವರೆ

ಬಹಳ ಹಿಂದೆ, ನಿಮ್ಮ ಅಜ್ಜಿಯ ಅಜ್ಜಿಗೂ ಹಲ್ಲು ಮೂಡುವ ಮೊದಲು, ಮಂಜಿನಕೋಟೆ ಅಂತ ಒಂದು ರಾಜ್ಯವಿತ್ತು. ಅಲ್ಲಿ ಅರಮನೆಯಿಂದ ಹಿಡಿದು ಗುಡಿಸಲಿನವರೆಗೆ ಪ್ರತಿ ಮನೆಯ ಹಿತ್ತಲಲ್ಲೂ ಒಂದು ಅವರೆ ಚಪ್ಪರ. ಮಂಜು ಸುರಿದಷ್ಟೂ ಕಾಯಿಗೆ ಸೊಗಡು. ಚಳಿಗಾಲ ಬಂತೆಂದರೆ ಬೆಳಗ್ಗೆ ಅವರೆಕಾಳಿನ ಉಪ್ಪಿಟ್ಟು, ಮಧ್ಯಾಹ್ನ ಮುದ್ದೆಗೆ ಹಿತಕಿದಬೇಳೆ ಸಾರು. ಬಾಯಲ್ಲಿ ನೀರು ಬಂತಾ? ನುಂಗಿಕೊಳ್ಳಿ, ಇದು ಹೆದರಿಕೆಯ ಕತೆ.

ಆ ರಾಜ್ಯದಲ್ಲಿ ಒಂದು ಕಟ್ಟಳೆ ಇತ್ತು. ಬಳ್ಳಿಯಲ್ಲಿ ಮೊದಲು ಬಿಟ್ಟ ಕಾಯನ್ನು ಯಾರೂ ಕೀಳಬಾರದು. ಅದು ಬೀಜಕ್ಕೆ. ಬಳ್ಳಿಯಲ್ಲೇ ಒಣಗಿ ಗಿಲಿಗಿಲಿ ಅನ್ನಬೇಕು. ರಾಜನೇ ಹಸಿದು ಬಂದರೂ ಅದಕ್ಕೆ ಕೈ ಹಾಕುವಂತಿರಲಿಲ್ಲ.

ಊರಂಚಿನ ಮನೆಯಲ್ಲಿ ಚೆಲುವಿ, ಅವಳ ಗಂಡ ಲಕ್ಕಣ್ಣ, ಅತ್ತೆ ದೊಡ್ಡತಾಯಿ ಇದ್ದರು. ಲಕ್ಕಣ್ಣ ಮಹಾ ಹೊಟ್ಟೆಬಾಕ. ಹಿತಕಿದಬೇಳೆ ಸಾರೆಂದರೆ ನಾಲ್ಕು ಮುದ್ದೆ ಉಂಡು, ಐದನೆಯದಕ್ಕೆ ಹೆಂಡತಿಯ ಮುಖ ನೋಡುತ್ತಿದ್ದ. ಚೆಲುವಿ ಬೈಯುತ್ತಲೇ ಬಡಿಸುತ್ತಿದ್ದಳು. ಅವನು ಉಣ್ಣುವುದನ್ನು ನೋಡುವುದೇ ಅವಳಿಗೆ ಸಂತೋಷ.

ಒಂದು ಬೆಳಗ್ಗೆ ಲಕ್ಕಣ್ಣ ಮಂಜಿನಲ್ಲಿ ಕಾಯಿ ಬಿಡಿಸಲು ಹೋದವನು ತಡವಾಗಿ ಬಂದ. ಬುಟ್ಟಿ ಖಾಲಿ. ಮುಖದಲ್ಲಿ ನಗು. ಚೆಲುವಿ ತಟ್ಟೆ ಇಟ್ಟಳು.

"ಬನ್ನಿ, ಸಾರು ಆರಿಹೋಗುತ್ತೆ."

"ಊಟ ಆಯ್ತು" ಅಂದ ಲಕ್ಕಣ್ಣ.

ಲಗ್ನವಾಗಿ ಆರು ವರ್ಷದಲ್ಲಿ ಆ ಮಾತು ಅವನ ಬಾಯಿಂದ ಬಂದದ್ದೇ ಇಲ್ಲ. ಚೆಲುವಿ ಅವನ ತೋಳು ಹಿಡಿದಳು. ಬೆರಳು ಒಳಗೆ ಹೋಯಿತು. ತೋಳು ತಗ್ಗಾಗಿಯೇ ಉಳಿಯಿತು. ಅವನು ನಗುತ್ತಲೇ ಇದ್ದ. ಒದ್ದೆ ಅಂಗಳದಲ್ಲಿ ಅವನು ನಡೆದು ಬಂದ ದಾರಿ ನೋಡಿದಳು. ಒಂದು ಹೆಜ್ಜೆಯ ಗುರುತೂ ಇರಲಿಲ್ಲ.

ದೊಡ್ಡತಾಯಿ ಎದೆ ಬಡಿದುಕೊಂಡಳು. "ಅಯ್ಯೋ ನನ್ನ ಕಂದ! ನಿನ್ನನ್ನ ಪೊಳ್ಳಮ್ಮ ಹಿತಕಿಬಿಟ್ಟಳಲ್ಲೋ!"

ಆಮೇಲೆ ಅವಳು ಸೊಸೆಗೆ ಎಲ್ಲ ಹೇಳಿದಳು. ಪೊಳ್ಳಮ್ಮನೂ ಒಂದು ಕಾಲಕ್ಕೆ ಇದೇ ರಾಜ್ಯದ ಸೊಸೆ. ನಾಲಿಗೆ ಚಪಲ ತಾಳಲಾರದೆ ಬೀಜದ ಕಾಯನ್ನೇ ಕಿತ್ತು ತಿಂದಳು. ಅಂದೇ ಅವಳ ಒಳಗೆಲ್ಲ ಬರಿದಾಯಿತು, ಹಸಿವು ಮಾತ್ರ ಉಳಿಯಿತು. ಈಗ ಬೆಟ್ಟದ ಮೇಲೆ ಮನೆ. ಮಂಜಿನಲ್ಲಿ ಇಳಿದು ಬರುತ್ತಾಳೆ. ಹೆಬ್ಬೆರಳು ತೋರುಬೆರಳಿನ ನಡುವೆ ಮನುಷ್ಯರನ್ನು ಹಿಡಿದು, ನಾವು ನೆನೆದ ಅವರೆ ಹಿತಕುವ ಹಾಗೆ, ಪುಳಕ್ಕನೆ ಹಿತಕುತ್ತಾಳೆ. ಕಾಳು ಅವಳಿಗೆ, ಸಿಪ್ಪೆ ಮನೆಯವರಿಗೆ.

"ಸಿಪ್ಪೆ ಮೂರು ದಿನದಲ್ಲಿ ಒಣಗಿ ಮುರುಟಿಹೋಗುತ್ತೆ ಮಗಳೇ. ಅಷ್ಟರೊಳಗೆ ಕಾಳು ಬರದಿದ್ದರೆ ಇವನು ಇಲ್ಲ. ಇವತ್ತು ನಸುಕಿಗೇ ರಾಜನ ಸೈನ್ಯ ಹೋಗಿತ್ತು. ಎಲ್ಲರೂ ಗಾಳಿಗೆ ತೂರಿಕೊಂಡು ಬಂದು ಕೋಟೆ ಗೋಡೆಗೆ ಅಂಟಿಕೊಂಡವರೆ."

"ನಾನು ಹೋಗ್ತೀನಿ ಅತ್ತೆ. ಆದರೆ ಬರಿಗೈಲಿ ಹೋಗಲಾರೆ" ಅಂದಳು ಚೆಲುವಿ. ಅವಳ ಕಣ್ಣು ಚಪ್ಪರದ ಕಡೆ ಹೋಯಿತು. ಒಣಗಿದ ಒಂದೇ ಒಂದು ಕಾಯಿ ಅಲ್ಲಿ ಗಿಲಿಗಿಲಿ ಅನ್ನುತ್ತಿತ್ತು.

ದೊಡ್ಡತಾಯಿಗೆ ಅರ್ಥವಾಯಿತು. ಬೀಜದ ಕಾಯಿ ಕೀಳುವುದು ಕಟ್ಟಳೆಗೆ ವಿರುದ್ಧ. ಆದರೂ ತಾನೇ ಹೋಗಿ ಕಿತ್ತು ತಂದಳು. "ಬೀಜ ಹೋದರೆ ಹೋಗಲಿ, ಮುಂದಿನ ವರ್ಷ ಹಸಿದಿರೋಣ. ನೀನು ತಿನ್ನಬೇಡ, ಅಷ್ಟೆ. ನನ್ನ ಮಗನನ್ನ ತಂದುಕೊಡು."

ಮೊದಲ ದಿನ ಚೆಲುವಿ ಬೆಟ್ಟದ ಬುಡ ಮುಟ್ಟಿದಳು. ಅಲ್ಲಿ ದಾರಿಗಡ್ಡ ಒಂದು ಹಸಿರು ಹುಳು ಮಲಗಿತ್ತು. ಅವರೆಕಾಯಿ ಸುಲಿಯುವಾಗ ಒಳಗಿಂದ ಇಣುಕುತ್ತದಲ್ಲ, ಅದೇ ಹುಳು. ಆದರೆ ಇದು ಎತ್ತಿನ ಗಾಡಿಗಿಂತ ಉದ್ದ.

"ನನ್ನ ಮಕ್ಕಳನ್ನ ಏನು ಮಾಡಿದೆ?" ಅಂತ ಹುಳು ಕೇಳಿತು.

"ಕಾಯಲ್ಲಿ ಸಿಕ್ಕಿದವನ್ನ ಎಲೆ ಮೇಲೆ ಇಟ್ಟು ಬಳ್ಳಿ ಬುಡಕ್ಕೆ ಬಿಡ್ತೀನಿ. ಒಂದೊಂದು ಸಲ ಕೋಳಿ ತಿಂದುಬಿಡುತ್ತೆ. ಸುಳ್ಳು ಹೇಳಲ್ಲ."

ಹುಳು ಅವಳ ಕೈ ಮೂಸಿತು. ಬೆರಳಲ್ಲಿ ಸೊಗಡಿತ್ತು, ಹುಳುವನ್ನು ಹೊಸಕಿದ ವಾಸನೆ ಇರಲಿಲ್ಲ. ಅದು ಮೈ ಮಡಚಿ ದಾರಿ ಬಿಟ್ಟಿತು.

ಎರಡನೆಯ ದಿನ ಅವಳು ನಡುಬೆಟ್ಟ ಮುಟ್ಟಿದಳು. ಅಲ್ಲಿ ಮರದಿಂದ ಮರಕ್ಕೆ ಹಗ್ಗ ಕಟ್ಟಿತ್ತು. ಹಗ್ಗದ ಮೇಲೆ ಒಗೆದ ಬಟ್ಟೆಯ ಹಾಗೆ ಮನುಷ್ಯರ ಸಿಪ್ಪೆಗಳು ತೂಗುತ್ತಿದ್ದವು. ಮನೆಮಠ ಇಲ್ಲದವರ ಸಿಪ್ಪೆಗಳು, ಪಾಪ, ಹೋಗಲು ಅವಕ್ಕೆ ಬಾಗಿಲಿರಲಿಲ್ಲ. ಎಲ್ಲವೂ ನಗುತ್ತ ಒಟ್ಟಿಗೆ ಕೇಳಿದವು.

"ಚೆಲುವೀ, ಊಟ ಆಯ್ತಾ?"

ಆಯ್ತು ಅಂದಿದ್ದರೆ ಅವಳೂ ಹಗ್ಗ ಏರುತ್ತಿದ್ದಳು. ಅವಳಿಗೆ ಅದು ಗೊತ್ತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಅತ್ತುಬಿಟ್ಟಳು. "ಎಲ್ಲಿಯ ಊಟ! ನನ್ನ ಗಂಡ ಉಂಡ ದಿನ ನಾನು ಉಣ್ತೀನಿ." ಸಿಪ್ಪೆಗಳು ಹಗ್ಗದ ಮೇಲೆ ಸರಿದು ಅವಳಿಗೆ ದಾರಿ ಮಾಡಿದವು.

ಮೂರನೆಯ ದಿನ ಅವಳು ಬೆಟ್ಟದ ತುದಿ ಮುಟ್ಟಿದಳು. ಅಲ್ಲಿ ಪೊಳ್ಳಮ್ಮ ಕೂತಿದ್ದಳು. ನೋಡಲು ಯಾವುದೋ ಮನೆಯ ಅಜ್ಜಿಯಂತೆಯೇ ಇದ್ದಳು, ಆದರೆ ಗಾಳಿ ಬೀಸಿದಾಗ ಅವಳ ಹೊಟ್ಟೆ ಬೆನ್ನಿಗೆ ಹತ್ತಿ ಪಟಪಟ ಅನ್ನುತ್ತಿತ್ತು. ಮುಂದೆ ಒಂದು ಹಂಡೆ. ಹಂಡೆಯ ನೀರಿನಲ್ಲಿ ಬೆಳ್ಳಗಿನ ಕಾಳುಗಳು ಮೆಲ್ಲಗೆ ಉಸಿರಾಡುತ್ತಿದ್ದವು.

"ಬಾ ಮಗಳೇ, ಸಂಜೆ ಸಾರಿಗೆ ಒಂದು ಕಾಳು ಕಡಿಮೆ ಇತ್ತು" ಅಂದಳು ಪೊಳ್ಳಮ್ಮ. ಎರಡು ಬೆರಳು ಚೆಲುವಿಯ ಭುಜದ ಮೇಲೆ ಕೂತವು. ಮಂಜಿಗಿಂತ ತಣ್ಣಗಿದ್ದವು.

ಚೆಲುವಿ ಮಡಿಲಿನಿಂದ ಕಾಯಿ ತೆಗೆದಳು. ಅದು ಗಿಲಿಗಿಲಿ ಅಂದಿತು.

ಪೊಳ್ಳಮ್ಮನ ಬೆರಳು ಸಡಿಲವಾಯಿತು. "ಬೀಜದ್ದಾ?"

"ಬೀಜದ್ದೇ. ನನ್ನ ಗಂಡನ ಬದಲಿಗೆ ಕೊಡ್ತೀನಿ. ಆದರೆ ತಿನ್ನಬಾರದು ಅಜ್ಜಿ, ನಿಮಗೆ ಗೊತ್ತಲ್ಲ."

ಗೊತ್ತಿರದೆ ಏನು? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಕಸಿದುಕೊಂಡಳು, ಸುಲಿದಳು, ಕಲ್ಲಿನಂಥ ನಾಲ್ಕು ಕಾಳನ್ನು ಗಬಕ್ಕನೆ ನುಂಗಿದಳು. ಕಾಳು ಗಂಟಲಿಗೆ ಸಿಕ್ಕಿಕೊಂಡಿತು. ಕಣ್ಣು ಮೇಲಾಯಿತು.

"ನೀರು ಕುಡೀರಿ ಅಜ್ಜಿ" ಅಂತ ಚೆಲುವಿ ಪಕ್ಕದ ಕೊಡ ಎತ್ತಿ ಕೊಟ್ಟಳು.

ಒಣ ಅವರೆಗೆ ನೀರು ಸೋಕಿದರೆ ಏನಾಗುತ್ತದೆಂದು ಅಡಿಗೆ ಮಾಡುವವರಿಗೆ ಹೇಳಬೇಕೇ? ಪೊಳ್ಳಮ್ಮ ಹಸಿವಿನ ಭರದಲ್ಲಿ ಅದನ್ನೇ ಮರೆತಿದ್ದಳು. ಕೊಡ ಖಾಲಿ ಮಾಡಿದಳು. ಒಳಗೆ ಕಾಳು ಊದಿತು. ಮುಷ್ಟಿಯಷ್ಟಾಯಿತು, ಕುಂಬಳದಷ್ಟಾಯಿತು. ಅವಳ ಸಿಪ್ಪೆ ಬಿಗಿದು, ಬಿಳುಚಿ, ಪಟ್ಟೆಂದು ಸೀಳಿತು. ಒಳಗೆ ರಕ್ತ ಇರಲಿಲ್ಲ, ಮಾಂಸ ಇರಲಿಲ್ಲ. ಹಸಿರು ಮೊಳಕೆಯೊಂದು ತಲೆ ಎತ್ತಿತು.

ಚೆಲುವಿ ಹಂಡೆಯ ಕಾಳನ್ನೆಲ್ಲ ಮಡಿಲಿಗೆ ತುಂಬಿಕೊಂಡು ಓಡಿದಳು. ಹಿಂದೆಯೇ ಅವರೆ ಬಳ್ಳಿ ಸರಸರ ಹರಿದು ಬಂತು. ದಾರಿಯುದ್ದಕ್ಕೂ ಹೂ ಬಿಟ್ಟಿತು, ಕಾಯಿ ಕಟ್ಟಿತು. ಯಾರ ಕಾಳು ಯಾರದೆಂದು ಹೇಗೆ ತಿಳಿಯಿತು ಅಂತೀರಾ? ಅವರವರ ಚಪ್ಪರದ ಸೊಗಡು ಅವರವರ ಕಾಳಿನಲ್ಲಿತ್ತು. ಸಿಪ್ಪೆಗಳೇ ಮೂಸಿ ಮೂಸಿ ಆರಿಸಿಕೊಂಡವು. ಹಗ್ಗ ಬರಿದಾಯಿತು, ಕೋಟೆಯ ಗೋಡೆ ಬರಿದಾಯಿತು.

ಇಳಿಜಾರಿನಲ್ಲಿ ಒಂದೇ ಓಟಕ್ಕೆ ಮನೆ ಮುಟ್ಟಿದಾಗ ಮೂರನೆಯ ದಿನದ ಹೊತ್ತು ಮುಳುಗುತ್ತಿತ್ತು. ಲಕ್ಕಣ್ಣ ಚಪ್ಪರದ ಕೆಳಗೆ ಅಂಚು ಮುರುಟಿ ಬಿದ್ದಿದ್ದ. ಆಗಲೂ ನಗುತ್ತಿದ್ದ. ದೊಡ್ಡತಾಯಿ ಕೊನೆಯ ಕಾಳನ್ನು ಮಗನ ಬಾಯಿಗಿಟ್ಟಳು. ಅವನ ಎದೆ ಉಬ್ಬಿತು. ಆ ಹಾಳು ನಗು ಹೋಯಿತು. ಮುಖ ಗಂಟಿಕ್ಕಿಕೊಂಡು ಎದ್ದು ಕೂತ.

"ಏನೇ ಇದು, ಮೂರು ದಿನದಿಂದ ಒಲೆ ಹಚ್ಚಿಲ್ಲವಾ? ಹೊಟ್ಟೆ ಹಸಿದು ಸಾಯ್ತಾ ಇದೀನಿ!"

ಚೆಲುವಿ ಅಳುತ್ತ ನಗುತ್ತ ಒಳಗೆ ಓಡಿದಳು. ಅವನು ಹಿಂದೆಯೇ ಬಂದ. ಒದ್ದೆ ಅಂಗಳದಲ್ಲಿ ಅವನ ಹೆಜ್ಜೆಗಳು ಹಳ್ಳ ಬೀಳುವಷ್ಟು ಆಳವಾಗಿ ಮೂಡಿದವು.

ಮಂಜಿನಕೋಟೆಯವರು ಆಮೇಲೆ ಸುಖವಾಗಿ ಉಂಡುಟ್ಟು ಬಾಳಿದರು. ಬೆಟ್ಟದಿಂದ ಬಂದ ಬಳ್ಳಿಯ ಬೀಜ ಮನೆಮನೆಗೂ ಸಾಕಾಯಿತು. ಒಂದು ಅಭ್ಯಾಸ ಮಾತ್ರ ಅವರಿಗೆ ಉಳಿದುಬಿಟ್ಟಿತು. ಅವರೆಯ ಕಾಲದಲ್ಲಿ ಬಾಗಿಲಿಗೆ ಬಂದ ನೆಂಟರು "ಊಟ ಆಯ್ತು" ಅಂದರೆ, ಒಳಗೆ ಕರೆಯುವ ಮೊದಲು ಅವರ ತೋಳನ್ನು ಒಮ್ಮೆ ಮೆಲ್ಲಗೆ ಒತ್ತಿ ನೋಡುತ್ತಾರೆ.