ಆರು ಎಂದಿದ್ದ ಮೈಲಿಕಲ್ಲು

ಹಾರ್ಲನ್ ಕರ್ನರ್‌ನ ಹೆಣ ಅವನ ಟ್ರೈಲರ್ ಮನೆಯಲ್ಲಿ ಸಿಕ್ಕಾಗ ಬೆಳಗ್ಗೆ ಏಳು ಗಂಟೆ. ತಲೆಗೆ ಸ್ಪ್ಯಾನರ್ ಏಟು. ಇಮೊಜೀನ್ ಸ್ಟ್ರೌಡ್‌ಳ ಹೋಟೆಲಿನಲ್ಲಿ ಹದಿನೆಂಟು ವರ್ಷದಿಂದ ಕೆಲಸಕ್ಕಿದ್ದ ಟ್ವೈಲಾ ಶೆರಿಫ್‌ಗೆ ಫೋನ್ ಮಾಡಿದಳು. ಪ್ರತಿ ಜೂನ್‌ನಲ್ಲೂ ಬಾಡಿಗೆಗೆ ಕೊಯ್ಲು ಮಾಡುವ ಹಾರ್ಲನ್‌ನ ತಂಡ ಯಂತ್ರಗಳನ್ನು ಲಾರಿಗೆ ಹೇರಿಕೊಂಡು, ಗೋಧಿ ಹಣ್ಣಾಗುತ್ತಾ ಹೋದಂತೆ ಎಂಬತ್ತಮೂರನೇ ಹೆದ್ದಾರಿಯಲ್ಲಿ ಟೆಕ್ಸಸ್‌ನಿಂದ ಡಕೋಟಾದವರೆಗೆ ಉತ್ತರಕ್ಕೆ ಸಾಗುತ್ತಿತ್ತು. ಊರಿಗೆ ಮರಳುತ್ತಿದ್ದುದು ಪೂರ್ವದ ಬೇರೆ ರಸ್ತೆಯಲ್ಲಿ. ಕಾನ್ಸಾಸ್‌ನಲ್ಲಿ ಅವರ ಬಿಡಾರ ಈ ಹೋಟೆಲಿನ ಹಿಂದೆಯೇ.

ತಂಡದ ಅಡುಗೆಯವಳು ರೊಸಾಲ್ವಾ ಹಿಂದಿನ ಸಂಜೆ ಹಾರ್ಲನ್ ಮೇಲೆ ಕೂಗಾಡಿದ್ದಳು. ಅದನ್ನು ಶೆರಿಫ್ ಪ್ರೂಯೆಟ್‌ಗೆ ಹೇಳಿದವಳು ಟ್ವೈಲಾ. ಹೇಳಿದ್ದೇ ತಡ, ಗೆಳತಿ ರೊಸಾಲ್ವಾಳ ಕೈಗೆ ಕೋಳ ಬಿತ್ತು.

ಅಷ್ಟರಲ್ಲಿ ತಂಡದಲ್ಲೇ ದುಡಿಯುತ್ತಿದ್ದ ಹಾರ್ಲನ್‌ನ ಭಾವಮೈದುನ ವರ್ಲ್ ಬಂದು ಗೋಳೋ ಎಂದು ಅತ್ತ. "ರಾತ್ರಿಯೆಲ್ಲ ನೆಬ್ರಾಸ್ಕಾದಲ್ಲಿದ್ದೆ, ಮುಂದಿನ ಹೊಲ ನೋಡೋಕೆ ಹೋಗಿದ್ದೆ. ಬೆಳಗ್ಗೆ ಗಡಿ ದಾಟಿ ಕಾನ್ಸಾಸ್‌ಗೆ ಬರ್ತಿದ್ದಂಗೇ ಟೈರ್ ಹೋಯ್ತು. ಪಕ್ಕದ ಮೈಲಿಕಲ್ಲಿನ ಮೇಲೆ ಆರು ಅಂತಿತ್ತು. ಅಲ್ಲೇ ತಡ ಆಯ್ತು!"

ಊರಿನ ಕಳ್ಳತನ, ಮೋಸಗಳನ್ನೆಲ್ಲ ಅಡುಗೆಮನೆಯಲ್ಲಿ ನಿಂತೇ ಬಿಡಿಸುತ್ತಿದ್ದ ಇಮೊಜೀನ್ ಸೌಟು ಕೆಳಗಿಟ್ಟಳು. ಎಲ್ಲರನ್ನೂ ಒಳಗೆ ಕರೆದು ಕೂರಿಸಿದಳು.

"ವರ್ಲ್, ಕಲ್ಲಿನ ಮೇಲೆ ಎಷ್ಟಿತ್ತು ಅಂದೆ?"

"ಆರು. ಕಣ್ಣಾರೆ ಕಂಡಿದೀನಿ."

"ಶೆರಿಫ್, ನಮ್ಮ ರಾಜ್ಯದಲ್ಲಿ ಈ ರಸ್ತೆಯ ಮೈಲಿ ಎಣಿಕೆ ಎಲ್ಲಿಂದ ಶುರು?"

"ದಕ್ಷಿಣದಿಂದ, ಒಕ್ಲಹೋಮ ಗಡಿಯಿಂದ."

"ಉತ್ತರದಿಂದ, ನೆಬ್ರಾಸ್ಕಾ ಕಡೆಯಿಂದ ಗಡಿ ದಾಟಿ ಬಂದ್ರೆ?"

ಪ್ರೂಯೆಟ್ ಎದ್ದು ನಿಂತ. "ಇನ್ನೂರರ ಮೇಲಿರತ್ತೆ!"

"ಇವನು ಇಪ್ಪತ್ತು ವರ್ಷದಿಂದ ಈ ರಸ್ತೇಲಿ ಉತ್ತರಕ್ಕೆ ಮಾತ್ರ ಹೋಗಿರೋನು. ಪ್ರತಿ ರಾಜ್ಯದ ಗಡಿ ದಾಟಿದ ಕೂಡ್ಲೇ ಒಂದು, ಎರಡು ಅಂತ ಎಣಿಕೆ ಹೊಸದಾಗಿ ಶುರುವಾಗೋದನ್ನೇ ನೋಡ್ಕೊಂಡು ಬಂದಿದಾನೆ. ಸುಳ್ಳು ಹೇಳುವಾಗ್ಲೂ ಅದೇ ಬಾಯಿಗೆ ಬಂತು. ನಿನ್ನೆ ಇವನು ನೆಬ್ರಾಸ್ಕಾಗೆ ಹೋಗೇ ಇಲ್ಲ. ಮಾಡದ ಪ್ರಯಾಣದ ಕತೆ ಕಟ್ಟೋಕೆ ಇವನಿಗೇನು ದರ್ದು?" ಇಮೊಜೀನ್ ರೊಸಾಲ್ವಾ ಕಡೆ ತಿರುಗಿದಳು. "ನಿನ್ನೆ ಜಗಳ ಯಾಕಮ್ಮಾ?"

"ಯಂತ್ರ ಎಲ್ಲ ಮಾರ್ತೀನಿ, ಈ ವರ್ಷವೇ ಕೊನೆ ಅಂದ್ರು. ನನ್ನ ಕೆಲಸ ಹೋಯ್ತಲ್ಲ ಅಂತ ಕೂಗಾಡಿದೆ."

ವರ್ಲ್‌ನ ಮುಖ ಬಿಳಿಚಿಕೊಂಡಿತು. "ನನಗೂ ಇವತ್ತು ಬೆಳಗಿನ ಜಾವ ಅದನ್ನೇ ಹೇಳ್ದ. ಸ್ಪ್ಯಾನರ್ ಕೈಲೇ ಇತ್ತು," ಎಂದ. "ಈ ರಸ್ತೆ ಬಿಟ್ರೆ ನನಗೆ ಇನ್ನೇನಿದೆ?"

ಇಪ್ಪತ್ತು ವರ್ಷ ಒಂದೇ ಮೇಜಿನಲ್ಲಿ ಹಾರ್ಲನ್ ಜತೆ ಉಂಡವನು! ಟ್ವೈಲಾಗೆ ಅವನನ್ನು ನೋಡಲೂ ಭಯವಾಯಿತು.

ಕೋಳ ವರ್ಲ್‌ನ ಕೈಗೆ ಹೋಯಿತು. ಟ್ವೈಲಾ ಅಳುತ್ತಾ ರೊಸಾಲ್ವಾಳನ್ನು ತಬ್ಬಿಕೊಳ್ಳಲು ಹೋದಳು. ರೊಸಾಲ್ವಾ ಹಿಂದೆ ಸರಿದಳು.

"ಜಗಳ ಯಾಕೆ ಅಂತ ಇಮೊಜೀನ್ ಕೇಳಿದ್ರು," ಎಂದಳು. "ನೀನೂ ಕೇಳ್ಬಹುದಿತ್ತು, ಟ್ವೈಲಾ."